ರಕ್ತದ ರಿಪೋರ್ಟ್ ಗುಂಪಿಗೆ ಹಾಕುವ ಮುಂಚೆ ಇದನ್ನು ಓದಿ

ಕೋಲಾರದ ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿಸಿದವರು ರಿಪೋರ್ಟ್ ಫೋಟೋ ಇಲ್ಲೇ ಹಾಕುತ್ತಿದ್ದೀರಿ. ಹೆಸರು, ಫೋನ್ ನಂಬರ್ ಕಾಣುವ ಹಾಗೆ ಹಾಕಬೇಡಿ. ಮಿತಿ ದಾಟಿದೆ ಅಂತ ದಪ್ಪಕ್ಷರದಲ್ಲಿ ಒಂದು ನಂಬರ್ ಕಂಡ ತಕ್ಷಣ ಗಾಬರಿಯೂ ಬೇಡ, ಹೆಚ್ಚಿನ ಪರೀಕ್ಷೆಗಳ ಮಿತಿ ಹಾಕಿರುವುದೇ ಆರೋಗ್ಯವಾಗಿರುವ ನೂರರಲ್ಲಿ 95 ಜನರ ಲೆಕ್ಕ ನೋಡಿ, ಚೆನ್ನಾಗಿರುವವರದ್ದೂ ಸ್ವಲ್ಪ ಆಚೀಚೆ ಇರಬಹುದು.

ಹಿಮೋಗ್ಲೋಬಿನ್ ಮಾತ್ರ ಸುಮ್ನೆ ಬಿಡಬೇಡಿ. ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ಸುಸ್ತು, ಇದನ್ನೆಲ್ಲ ವಯಸ್ಸಾಯ್ತು ಅಂತ ತಳ್ಳಿಹಾಕುತ್ತೇವೆ ಅಲ್ವಾ? ಮುದ್ದೆ, ಬಸ್ಸಾರು ಉಂಡು ಕೈ ತೊಳೆದ ಕೂಡಲೇ ಟೀ ಕುಡಿದರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನೂ ಒಳ್ಳೇದು.

ಶುಗರ್ ವಿಷಯ. ರಿಪೋರ್ಟ್‌ನಲ್ಲಿರುವ ಎಚ್‌ಬಿಎ1ಸಿ ಅಂದರೆ ರಕ್ತದಲ್ಲಿನ ಶುಗರ್‌ನ ಸುಮಾರು ಮೂರು ತಿಂಗಳ ಸರಾಸರಿ, ಹಿಂದಿನ ದಿನ ಹೋಳಿಗೆ ಬಿಟ್ಟು ಅದನ್ನು ಏಮಾರಿಸಲು ಆಗಲ್ಲ (ಪ್ರಯತ್ನ ಪಡುವವರು ಯಾರು ಅಂತ ಗೊತ್ತು!). 5.7ರಿಂದ 6.4 ಇದ್ದರೆ ಎಚ್ಚರ, 6.5 ಅಥವಾ ಜಾಸ್ತಿ ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ರಕ್ತಹೀನತೆ ಇದ್ದವರಲ್ಲಿ ಈ ನಂಬರೂ ತಪ್ಪು ತೋರಿಸಬಹುದು, ಆದ್ದರಿಂದ ಎರಡೂ ರಿಪೋರ್ಟ್ ಒಟ್ಟಿಗೆ ತೋರಿಸಿ. ಹಳೆಯದು ಇದ್ದರೆ ಅದನ್ನೂ ತಗೊಂಡು ಹೋಗಿ.