ರವಿವಾರದ ವಿಡಿಯೋ ಕಾಲ್ ಬಗ್ಗೆ

ಎಲ್ಲರಿಗೂ ಶರಣು. ಈ ರವಿವಾರ ಸಂಜೆ 5ಕ್ಕೆ ಪುಸ್ತಕ ಕಟ್ಟುವ ನಮ್ಮ ಗುಂಪಿನಲ್ಲೇ ವಿಡಿಯೋ ಕಾಲ್. ಜಮಖಂಡಿ, ಗೋಕಾಕದವರು ವಿಜಯಪುರದ ತನಕ ಬರೋದು ಬ್ಯಾಡ, ಸೂಜಿ-ದಾರ ಹಿಡಕೊಂಡು ಮನೆಯಲ್ಲೇ ಕೂತರೆ ಸಾಕು. ಫೋನಿನ ಕ್ಯಾಮೆರಾ ಮುಖದ ಕಡೆಗಲ್ಲ, ಕೈ ಕಡೆಗೆ ಹಿಡಿಯಿರಿ. ನೋಡಬೇಕಾದ್ದು ಪುಸ್ತಕದ ಹೊಲಿಗೆ.

ಹೋದ ವಾರ ನಮ್ಮ ಹಿರಿಯ ಕಾಕಾ ಒಬ್ಬರು ಕಳಿಸಿದ ವಿಡಿಯೋ ನಾನು ನಾಲ್ಕು ಸಲ ನೋಡಿದೆ. ಕಾಗದದ ತುಂಡೊಂದರ ಒಂದೇ ಬದಿಗೆ ನೀರು ಸವರಿದರು, ಅದು ಕೊಳವೆಯ ಹಾಗೆ ಸುತ್ತಿಕೊಂಡಿತು. ಕೊಳವೆಯ ಉದ್ದ ಯಾವ ಕಡೆಗೋ ಕಾಗದದ ಎಳೆ, ಅಂದರೆ ಅದರ ನಾರು ಸಾಗಿದ ದಿಕ್ಕು, ಆ ಕಡೆಗೆ. ಪುಸ್ತಕದ ಬೆನ್ನೂ ಅದೇ ಕಡೆಗೆ ಬರಬೇಕು. ಇಲ್ಲದಿದ್ದರೆ ಅಂಟು ತಾಗಿದ ಮೇಲೆ ಹಾಳೆ ಸುಕ್ಕಾಗ್ತದ. ಇಂಥದ್ದು ಫೋನಿನಲ್ಲಿ ಉಳಿದದ್ದು ದೊಡ್ಡ ಭಾಗ್ಯ.

ಟೈಪ್ ಮಾಡಲು ಬಾರದ ಹಿರಿಯರು ವಾಯ್ಸ್ ಕಳಿಸಿರಿ, ಬರೆದಿಡುವ ಕೆಲಸ ನಂದು. ಹಳೆ ಪುಸ್ತಕ, ತಾಳೆಗರಿಯ ಫೋಟೋಗಳನ್ನು ‘ಡಾಕ್ಯುಮೆಂಟ್’ ಆಗಿ ಹಾಕಿರಿ, ಅಕ್ಷರ ಮಸುಕಾಗೋದಿಲ್ಲ. ಗರಿ ಬಿಡಿಸುವಾಗ ಎಳೆದಾಡಬ್ಯಾಡ್ರಿ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನದ ಗರಿ ಕೂಡಿಸಿದ ನಾಡಿದು, ನಮ್ಮ ಕೈಯಲ್ಲಿ ಒಂದೂ ಮುರಿಯಬಾರದು.

ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಹಾಕುವವರು ಮಕ್ಕಳ ಕೈಗೆ ಸಿಗದಂತೆ ಇಡಿರಿ, ಅದು ವಿಷ. ಬರುವವರು ಶನಿವಾರದೊಳಗೆ ಹೆಸರು ಹಾಕಿರಿ.