ಮೊದಲು ಜಾಗ, ಆಮೇಲೆ ಶಿಲ್ಪ

ಪ್ರಿಯ ಗೆಳೆಯಾ,

ನಿಮ್ಮ ವಿಶ್ವವಿದ್ಯಾಲಯದ ಆವರಣಕ್ಕೆ ಶಿಲ್ಪವೊಂದನ್ನು ತರಿಸುವ ಸಮಿತಿಯಲ್ಲಿ ನೀನೂ ಇದ್ದೀಯೆಂದು ತಿಳಿದು ಸಂತೋಷವಾಯಿತು. ಆದರೆ ನಿಮ್ಮ ಸಮಿತಿ ಹೊರಟಿರುವಂತೆ ಕ್ಯಾಟಲಾಗು ನೋಡಿ ಕಂಚಿನ ಆಕೃತಿಯೊಂದನ್ನು ಒಪ್ಪಿಕೊಂಡು, ಅದನ್ನು ಎಲ್ಲಿ ನಿಲ್ಲಿಸುವುದೆಂಬುದನ್ನು ಆಮೇಲೆ ನೋಡಿಕೊಳ್ಳೋಣವೆನ್ನುವುದು ಅಳತೆ ಕೊಡದೆ ಅಂಗಿ ಹೊಲಿಸಲು ಹೊರಟಂತಾಯಿತು.

ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಹರಡಿರುವ ಸ್ಟುವರ್ಟ್ ಕಲಾಕೃತಿ ಸಂಗ್ರಹದ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಕಲಾವಿದರನ್ನು ಕರೆಸಿ, ಆವರಣವನ್ನೆಲ್ಲ ಸುತ್ತಾಡಲು ಬಿಟ್ಟು, ಅವರು ಕಂಡುಕೊಂಡ ಜಾಗಕ್ಕೇ ಕೃತಿಯನ್ನು ರೂಪಿಸಲು ಹೇಳುತ್ತಾರೆ. ರಾಬರ್ಟ್ ಇರ್ವಿನ್ 1983ರಲ್ಲಿ ನೀಲಗಿರಿ ತೋಪಿನ ನಡುವೆ, ಎತ್ತರದ ಕಂಬಗಳಿಗೆ ನೇರಳೆ ಬಣ್ಣದ ತಂತಿಬಲೆಯನ್ನಷ್ಟೇ ಕಟ್ಟಿದರು. ಬೆಳಕು ಬದಲಾದಂತೆ ಅದು ಕಾಣುವ ಬಗೆಯೂ ಬದಲಾಗುತ್ತದೆ. 1986ರಲ್ಲಿ ಟೆರಿ ಆಲೆನ್ ಮೂರು ನೀಲಗಿರಿ ಮರಗಳಿಗೆ ಸೀಸದ ಹೊದಿಕೆ ಹಾಕಿದರು. ಒಂದು ಮರದಿಂದ ಹಾಡು ಕೇಳಿಸುತ್ತದೆ, ಇನ್ನೊಂದರಿಂದ ಕವಿತೆ ಮತ್ತು ಕಥೆ, ಮೂರನೆಯದು ಮೌನವಾಗಿದೆ. ಕಾಗದದ ಕಾರ್ಖಾನೆಗೆಂದು ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನು ಬೆಳೆಸಿದ ನಮ್ಮ ಜಿಲ್ಲೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. (ಅದೇ ಆವರಣದಲ್ಲಿ ಕಮಾನಿನ ಮೇಲೆ ಕೂತಿರುವ ನಿಕಿ ದ ಸೇಂಟ್ ಫಾಲ್ ಅವರ ಬಣ್ಣಬಣ್ಣದ ಹಕ್ಕಿ ನನಗೆ ಅಷ್ಟಾಗಿ ರುಚಿಸದು, ಆದರೆ ವಿದ್ಯಾರ್ಥಿಗಳು ಅದಕ್ಕೆ ವೇಷ ತೊಡಿಸಿ ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ.)

ಅಷ್ಟು ದೂರವೇಕೆ, ಕುಪ್ಪಳಿಯ ಕವಿಶೈಲವನ್ನೇ ನೋಡು. ಕಲಾವಿದ ಕೆ. ಟಿ. ಶಿವಪ್ರಸಾದ್ ಅಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳನ್ನು ನೆನಪಿಸುವಂತೆ ಬಂಡೆಗಳನ್ನು ನಿಲ್ಲಿಸಿ, ಅವುಗಳ ಮೇಲೆ ಅಡ್ಡಗಲ್ಲುಗಳನ್ನು ಹೇರಿದ್ದಾರೆ. ಆ ಬಂಡೆಗಳನ್ನೇ ತಂದು ಶಿವಮೊಗ್ಗದ ಬಸ್ ನಿಲ್ದಾಣದೆದುರು ಜೋಡಿಸಿದರೆ ಬರೀ ಕಲ್ಲುಗಳಷ್ಟೇ ಉಳಿದಾವು; ಗುಡ್ಡದ ನೆತ್ತಿ, ಸುತ್ತಲಿನ ಕಾಡು, ನಡುವೆ ಬೀಸುವ ಗಾಳಿ ಸೇರಿಯೇ ಅದು ಕೃತಿಯಾಗಿದೆ.

ಮಳೆಯನ್ನೂ ಸಮಿತಿಯ ಸದಸ್ಯನೆಂದೇ ಎಣಿಸಬೇಕು. ನಮ್ಮಲ್ಲಿ ಸಿಮೆಂಟು ಕೆಲವೇ ಮಳೆಗಾಲದಲ್ಲಿ ಕಪ್ಪಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಫೈಬರಿನ ಬಣ್ಣ ಮಾಸುತ್ತದೆ. ಜಂಬಿಟ್ಟಿಗೆ ಕಲ್ಲಾದರೋ ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಮೈತುಂಬ ರಂಧ್ರವಿರುವುದರಿಂದ ಅದರಲ್ಲಿ ಕಣ್ಣು, ಮೂಗುಗಳ ಕುಸುರಿ ನಿಲ್ಲದು. ಆದರೆ ಗೋಡೆ, ಮೆಟ್ಟಿಲು, ಕೂರುವ ಕಟ್ಟೆಗಳಂತಹ ದಪ್ಪ ರೂಪಗಳಿಗೆ ಹೇಳಿ ಮಾಡಿಸಿದ ಕಲ್ಲದು, ಪಾಚಿ ಹಬ್ಬಿದರೂ ಶೋಭೆಯೇ.

ಮುಂದಿನ ಸಭೆಯಲ್ಲಿ ಕ್ಯಾಟಲಾಗನ್ನು ಬದಿಗಿಡಿಸಿ, ಆಯ್ದ ಕಲಾವಿದರನ್ನು ಆಷಾಢದ ಮಳೆಯಲ್ಲೇ ಕರೆಸಿ ಆವರಣ ಸುತ್ತಿಸಬೇಕೆಂದು ಪಟ್ಟು ಹಿಡಿ. ನಿರ್ವಹಣೆಯ ಹಣವನ್ನೂ ಅಂದಾಜು ಪಟ್ಟಿಯಲ್ಲಿ ಈಗಲೇ ಬರೆಸು. ಉದ್ಘಾಟನೆಯ ಮರುದಿನ ಅದನ್ನು ಕೇಳಿದರೆ ಯಾರೂ ಕೊಡುವುದಿಲ್ಲ.

ಇಂತಿ ನಿನ್ನ ಗೆಳೆಯ,
ತೀರ್ಥಹಳ್ಳಿ