ಪದಸೂಚಿಯಿಲ್ಲದ ಪುಸ್ತಕಗಳು

ಮಾನ್ಯರೆ,

ಬೆಂಗಳೂರಿನಲ್ಲಿ ಅಚ್ಚಾಗುವ ಎಷ್ಟೋ ಒಳ್ಳೆಯ ಇತಿಹಾಸ, ಸಂಶೋಧನಾ ಗ್ರಂಥಗಳ ಕೊನೆಯಲ್ಲಿ ಪದಸೂಚಿಯೇ (ಯಾವ ವಿಷಯ, ಯಾವ ಹೆಸರು ಯಾವ ಪುಟದಲ್ಲಿದೆ ಎಂದು ತಿಳಿಸುವ ಅಕಾರಾದಿ ಪಟ್ಟಿ) ಇರುವುದಿಲ್ಲ. ಇದ್ದರೂ ಕಂಪ್ಯೂಟರ್ ಹುಡುಕಿ ಕೊಟ್ಟ ಪದಗಳ ರಾಶಿ.

ಕನ್ನಡದಲ್ಲಿ ಹಾಗೆ ಹುಡುಕಿದರೆ ಸಾಲದು. ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನ’, ‘ಬೆಂಗಳೂರಿಗೆ’ ಸಿಗುವುದಿಲ್ಲ. ‘ತಾವರೆ’ ಎಂದರೆ ‘ಬೆಟ್ಟದಾವರೆ’ ತಪ್ಪಿಹೋಗುತ್ತದೆ. ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಯುನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತಕ್ಕೆ) ತರದೆ ಜೋಡಿಸಿದರೆ ಅಕಾರಾದಿ ಕ್ರಮವೇ ಕೆಡುತ್ತದೆ. ‘ಕೆಂಪೇಗೌಡ’ರ ಮುಂದೆ 40 ಪುಟಸಂಖ್ಯೆ ಸುರಿದರೆ ಓದುಗರಿಗೆ ಏನು ಪ್ರಯೋಜನ? ಕೋಟೆ, ಕೆರೆಗಳು, ಪೇಟೆಗಳು ಎಂದು ಉಪನಮೂದುಗಳಾಗಿ ಒಡೆಯಬೇಕು. ಅದಕ್ಕೆ ಇಡೀ ಪುಸ್ತಕವನ್ನು ಓದಲೇಬೇಕು, ಸಾಧ್ಯವಾದರೆ ಎರಡು ಸಲ.

ಹೆಸರುಗಳದ್ದು ಬೇರೆಯೇ ಕೆಲಸ. ದ.ರಾ. ಬೇಂದ್ರೆಯವರನ್ನು ‘ಬ’ದಲ್ಲಿ ಹುಡುಕುತ್ತಾರೆ, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ‘ಮ’ದಲ್ಲಿ. ‘ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ’ ಎಂಬ ಒಂದು ಸಾಲು ಎಷ್ಟೋ ಓದುಗರನ್ನು ಕಾಪಾಡುತ್ತದೆ.

ಸೂಚಿಯನ್ನು ಪುಟವಿನ್ಯಾಸ ಅಂತಿಮವಾದ ಮೇಲೆಯೇ ಮಾಡಬೇಕು. ಆಮೇಲೆ ಒಂದು ಚಿತ್ರ ಸೇರಿಸಿದರೂ ಮುಂದಿನ ಪುಟಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ಬಿಡುಗಡೆ ದಿನ ಗೊತ್ತಾದ ಮೇಲೆ ‘ನಾಳೆಯೊಳಗೆ ಕೊಡಿ’ ಎನ್ನುವುದರಿಂದಲೇ ಹೆಚ್ಚಿನ ತಪ್ಪುಗಳು ನುಸುಳುವುದು. 300 ಪುಟದ ಗ್ರಂಥಕ್ಕೆ 10-12 ಪುಟದ ಸೂಚಿ ಸಾಕು. ಪ್ರಕಾಶಕರು ಅಷ್ಟು ಪುಟ, ಎರಡು ವಾರ ಸಮಯ, ತಕ್ಕ ಸಂಭಾವನೆಯನ್ನು ಮೊದಲೇ ತೆಗೆದಿಡಲಿ; ಸೂಚಿಕಾರರ ಹೆಸರನ್ನೂ ಮುದ್ರಿಸಲಿ.

– ಪದಸೂಚಿ ತಯಾರಕರು, ಬೆಂಗಳೂರು